ಕಂತಿಗೆ ಮಳೆಗಾಲವಿಲ್ಲ

ಕ್ವಾರಿಗೆ ದೊಡ್ಡ ವೀಲ್ ಲೋಡರ್ ತರಲು ಸಾಲ ಸಿಗುತ್ತದೆ. ಕಷ್ಟ ಶುರುವಾಗುವುದು ಕಂತಿನಲ್ಲಿ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಸ್ಫೋಟಗಳ ಬಳಿಕ ಕ್ವಾರಿಗಳ ತಪಾಸಣೆ ಬಿಗಿಯಾಯಿತು. ಆಗಬೇಕಾದದ್ದೇ. ಆದರೆ ತಪಾಸಣೆಗೋ ಮಳೆಗೋ ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ. ಚೂಪುಗಲ್ಲಿಗೆ ಟೈರಿನ ಪಕ್ಕೆ ಸೀಳಿದರೆ, ಬಕೆಟ್ಟಿನ ಹಲ್ಲು ಸವೆದರೆ, ಆ ಖರ್ಚು ಡೀಲರ್ ಕೊಡುವ ಕೊಟೇಷನ್‌ನಲ್ಲಿ ಇರುವುದೇ ಇಲ್ಲ.

ಬಾಕಿ ಕಂತಿನ ದಂಡವನ್ನು ಬಡ್ಡಿಯಾಗಿ ಬೆಳೆಸಬಾರದೆಂದು ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ. ಅಷ್ಟು ಸಾಲದು. ಬೆಳೆಸಾಲಕ್ಕೆ ಸುಗ್ಗಿ ನೋಡಿ ಗಡುವು ಕೊಡುವ ಬ್ಯಾಂಕುಗಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೋಡರ್ ಕಂತನ್ನೂ ಇಳಿಸಿ, ಬೇಸಿಗೆಯಲ್ಲಿ ಏರಿಸಿಕೊಳ್ಳಲಿ. ಮಾಲೀಕರೂ ಅಷ್ಟೆ, ಬಡ್ಡಿದರಕ್ಕೆ ಚೌಕಾಸಿ ಮಾಡುವಷ್ಟೇ ಹಟದಿಂದ ಸಹಿಗೆ ಮೊದಲು ಇದನ್ನು ಕೇಳಬೇಕು.