ಕಥೆಗೆ ನೀತಿ ಕೇಳುವುದು ಸ್ವಲ್ಪ ಬಿಡೋಣ

ವಿಚಿತ್ರ ಕಥೆಗಳ ಪುಸ್ತಕ ಕೊಟ್ಟರೆ ನಮ್ಮ ಶಿಕ್ಷಕ ಬಂಧುಗಳಲ್ಲಿ ಹಲವರು "ಇದು ನಮ್ಮ ಮಕ್ಕಳಿಗಲ್ಲ" ಎನ್ನುತ್ತಾರೆ. 1915ರಲ್ಲಿ ಪ್ರಕಟವಾದ ಕಾಫ್ಕಾನ ಕಥೆಯಲ್ಲಿ ಒಬ್ಬ ಬೆಳಿಗ್ಗೆ ಏಳುವಾಗ ಕೀಟವಾಗಿರುತ್ತಾನೆ. ಇದೆಂಥ ಕಥೆ ಎಂದು ನಗುವವರು ಎ.ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮದೇ ಕನ್ನಡ ಜನಪದ ಕಥೆಗಳನ್ನು ಓದಿ ನೋಡಬೇಕು.

ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಜೋಡು, ಕೋಟು ಆದವು. ಅದನ್ನು ಕಂಡ ಗಂಡನಿಗೆ ಸಂಶಯ, ಜಗಳ. ಸಿಟ್ಟಾಗಿ ಹನುಮಂತನ ಗುಡಿಯಲ್ಲಿ ಮಲಗಿದವನಿಗೆ, ರಾತ್ರಿ ಅಲ್ಲಿ ಸೇರಿದ ಊರಿನ ದೀಪಗಳ ಮಾತಿನಿಂದ ನಿಜ ತಿಳಿಯಿತು. ಬಂದು ಕೇಳಿದರೆ, ಅವಳಿಗೆ ಎರಡೂ ಮರೆತೇ ಹೋಗಿದ್ದವು. ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಾಟಕಕ್ಕೂ ಇಂಥ ಕಥೆಗಳೇ ಮೂಲ.

ದೀಪ ಮಾತಾಡಿತೆಂದರೆ ಮಕ್ಕಳು "ಆಮೇಲೆ?" ಎನ್ನುತ್ತಾರೆ. "ನೀತಿ ಏನು?" ಎಂದು ಅಡ್ಡ ಬರುವವರು ನಾವು.

ಗೋವೆಯ ವಾಸ್ಕೋ, ಝುವಾರಿನಗರದ ನಮ್ಮ ಮಕ್ಕಳ ಮನೆಗಳಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಅಜ್ಜಿಯರ ಕಥೆಗಳಿವೆ. ವಾರಕ್ಕೊಂದು ಅವಧಿ ಅವನ್ನು ಹೇಳಿಸೋಣ, ಬರೆಸೋಣ, ಜೊತೆಗೆ ಕಾಫ್ಕಾನನ್ನೂ ಓದಿ ಹೇಳೋಣ. ಕೇಳುವವರಿಲ್ಲದಿದ್ದರೆ ಆ ಹೆಂಗಸಿನಂತೆ ನಮ್ಮ ಮನೆಗಳೂ ತಮ್ಮ ಕಥೆ ಮರೆತಾವು.