ಕಚೇರಿ ಮನೆಗೆ ಬಂದಾಗ

ಈಚೆಗೆ ರಾಮನಗರದ ಬಳಿಯ ಕೈಲಾಂಚದಲ್ಲಿ ಆತ್ಮೀಯರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಮಗನು ಬೆಂಗಳೂರಿನ ಕಂಪನಿಯೊಂದರ ಉದ್ಯೋಗಿ. 2020ರ ಕೊರೋನಾ ಕಾಲದಲ್ಲಿ ಮನೆಗೆ ಬಂದ ಕಚೇರಿಯ ಕೆಲಸವು ಅವನ ಪಾಲಿಗೆ ಇನ್ನೂ ಪೂರ್ತಿಯಾಗಿ ಹಿಂದಿರುಗಿಲ್ಲ. ಅದಕ್ಕಾಗಿ ಮುಂಭಾಗದ ಕೋಣೆಯನ್ನು ಕಚೇರಿಯ ಮಾದರಿಯಲ್ಲಿಯೇ ಕಟ್ಟಿಸಿದ್ದಾನೆ. ಗಾಜಿನ ಬಾಗಿಲು, ಉದ್ದನೆಯ ಮೇಜು, ಗಾಲಿಯ ಕುರ್ಚಿ, ಎಲ್ಲವೂ ಅಚ್ಚುಕಟ್ಟು. ಆದರೆ ಎಂಬತ್ತು ದಾಟಿದ ಅವನ ತಂದೆಯವರು ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಒಳಗೆ ಬರಬಾರದೆ ಎಂದು ಕೇಳಿದೆ. “ಆ ಕುರ್ಚಿ ಕೂತರೆ ಜಾರುತ್ತೆ ಸ್ವಾಮಿ. ಇಲ್ಲಿ ಮೊದಲು ಜಗಲಿ ಇತ್ತು” ಎಂದರು. ಆ ಮಾತು ಮನಸ್ಸಿನಲ್ಲಿಯೇ ನಿಂತಿತು.

ಮನೆಯು ಕಚೇರಿಯಿಂದ ಕಲಿಯಬಾರದೆಂದು ನನ್ನ ಅಭಿಪ್ರಾಯವಲ್ಲ. ನಮ್ಮ ಹಳ್ಳಿಗಳಲ್ಲಿ ಕಚೇರಿ ಹುಟ್ಟಿದ್ದೇ ಮನೆಯಲ್ಲಿ. ಶಾನುಭೋಗರ ಜಗಲಿಯೇ ಆಗ ಗ್ರಾಮದ ಲೆಕ್ಕದ ಸ್ಥಳ. ಅಲ್ಲಿದ್ದುದು ಚಾಪೆ, ಬರೆಯುವ ಪೆಟ್ಟಿಗೆ, ಕಡತದ ಕಟ್ಟು, ಇಷ್ಟೇ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದುದೇ ಕಡತ. ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳ ಆ ಶೋಭೆಯನ್ನು ಕಂಡವರೇ ಬಲ್ಲರು. ಇಂದಿನ ಫೈಲಿಗೂ ಅದೇ ಹೆಸರು ಉಳಿದಿದೆ. ಆ ಜಗಲಿಯ ಮೇಲೆ ಎಲ್ಲರಿಗೂ ಆಸನ ದೊರೆಯುತ್ತಿರಲಿಲ್ಲವೆಂಬುದೂ ನಿಜವೇ. ಅದು ಅದರ ಕಳಂಕ.

ಕಚೇರಿಯೇ ಕಲೆಯಾದ ಹಿರಿಯ ನಿದರ್ಶನ ವಿಧಾನಸೌಧ. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಇದೇ ಸೀಮೆಯ ಲಕ್ಕಪ್ಪನಹಳ್ಳಿಯವರು. 1951ರ ಜುಲೈ 13ರಂದು ಪಂಡಿತ ನೆಹರೂ ಅವರು ಅಡಿಗಲ್ಲಿಟ್ಟಾಗ ಇದ್ದುದು ಸರಳವಾದ ನಕ್ಷೆ. 1952ರಲ್ಲಿ ಮುಖ್ಯಮಂತ್ರಿಗಳಾದ ಹನುಮಂತಯ್ಯನವರು ಅದನ್ನು ಬದಲಿಸಿ, ದ್ರಾವಿಡ ದೇಗುಲಗಳ ಕಂಬ, ಕಮಾನು, ಗೋಪುರಗಳನ್ನು ಆಡಳಿತದ ಮನೆಗೆ ತಂದರು. 1956ರಲ್ಲಿ ಸೌಧವು ಪೂರ್ಣವಾಯಿತು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಶಿಲೆ ಮತ್ತು ತುರುವೇಕೆರೆಯ ಕರಿಶಿಲೆ. ಸಂಪುಟ ಸಭೆಯ ಕೊಠಡಿಗೆ ಶ್ರೀಗಂಧದ ಬಾಗಿಲು. ಎದುರಿಗೇ ಪಾಶ್ಚಾತ್ಯ ಶೈಲಿಯ ಕೆಂಬಣ್ಣದ ಅಠಾರಾ ಕಚೇರಿ ನಿಂತಿರುವುದರಿಂದ, ನಮ್ಮ ಶಿಲ್ಪಿಗಳ ಕೈಚಳಕ ಮತ್ತಷ್ಟು ಎದ್ದು ಕಾಣುತ್ತದೆ. ಅದನ್ನು ನೋಡಿ ಬಂದವರು ತಮ್ಮ ಮನೆಗಳಿಗೂ ಅಂಥ ಕಂಬ ಹಾಕಿಸುವುದುಂಟು. ಆದರೆ ಕಂಬಕ್ಕಿಂತ ಮಿಗಿಲಾದುದು ಅಲ್ಲಿ ಕೆತ್ತಿರುವ “ಸರ್ಕಾರದ ಕೆಲಸ ದೇವರ ಕೆಲಸ” ಎಂಬ ವಾಕ್ಯ. ಕೆಲಸವು ದೇವರದಾದರೆ, ಬಾಗಿಲಿಗೆ ಬಂದವನನ್ನು ನಿಲ್ಲಿಸಿಯೇ ಕಳುಹಿಸಬಹುದೆ? ಒಮ್ಮೆ ಪಹಣಿಗಾಗಿ ಒಂದು ಕಚೇರಿಗೆ ಹೋದಾಗ, ಗೋಡೆಯ ತುಂಬ ಅಂದವಾದ ಚಿತ್ರಗಳನ್ನು ಕಂಡೆ. ಕುಳಿತುಕೊಳ್ಳಲು ಒಂದು ಬೆಂಚೂ ಇರಲಿಲ್ಲ. ಮೂರು ಗಂಟೆ ನಿಂತ ಕಾಲಿಗೆ ಆ ಚಿತ್ರಗಳ ಸೌಂದರ್ಯ ತಿಳಿಯಲಿಲ್ಲ.

ಹೊರಡುವಾಗ ಆ ತರುಣನಿಗೆ ಹೇಳಿದೆ: “ಗಾಜಿನ ಬಾಗಿಲು ಇರಲಿ, ಮೇಜೂ ಇರಲಿ. ಮೇಜಿನ ಮೇಲೆ ಚನ್ನಪಟ್ಟಣದ ಅರಗಿನ ಕೆಲಸದ ವಸ್ತುವೊಂದನ್ನು ಇಡು, ಕಣ್ಣಿಗೆ ತಂಪು. ಹೊರಗೆ ಮಾತ್ರ ಮೊಣಕಾಲೆತ್ತರದ ಕಲ್ಲುಜಗಲಿಯೊಂದನ್ನು ಕಟ್ಟಿಸಪ್ಪ. ನಿಮ್ಮ ಸೀಮೆಯಲ್ಲಿ ಕಲ್ಲಿಗೇನು ಬರವೆ?” ಅವನು ತಂದೆಯ ಕಡೆ ನೋಡಿ ತಲೆ ತಗ್ಗಿಸಿದ.

ಅಚ್ಚುಕಟ್ಟು, ಬೆಳಕು, ಪ್ರತಿಯೊಂದು ವಸ್ತುವಿಗೂ ಒಂದು ನೆಲೆ, ಇವನ್ನು ಕಚೇರಿಯಿಂದ ಧಾರಾಳವಾಗಿ ಕಲಿಯೋಣ. ಆದರೆ ಮನೆ ಕಟ್ಟಿಸುವ ಸದ್ಗೃಹಸ್ಥರು ನಕ್ಷೆಯನ್ನು ಬಿಡಿಸಿ ನೋಡುವಾಗ ಒಂದು ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಲಿ: ನಮ್ಮ ಹಿರಿಯರು ಎಲ್ಲಿ ಕುಳಿತುಕೊಳ್ಳುವರು?