ತದಡಿ ಬಂದರವೂ ನಮ್ಮ ಪದವಿಯೂ

ಗೋಕರ್ಣವನ್ನು ಕಾಣದವರು ಇರಬಹುದು; ಅದರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಗೋಕರ್ಣದ ದಕ್ಷಿಣಕ್ಕಿರುವ ತದಡಿಯ ಹೆಸರು ಹೇಳಿದರೆ, ‘ಅದೆಲ್ಲಿಯದು?’ ಎಂದು ಕೇಳುವವರು ನಮ್ಮ ಕಾಲೇಜಿನಲ್ಲಿಯೇ ಹಲವರಿದ್ದಾರೆ. ಅಘನಾಶಿನಿ ನದಿಯು ಸಮುದ್ರವನ್ನು ಕೂಡುವಲ್ಲಿ, ಉತ್ತರದ ದಡದ ಮೇಲಿರುವ ಸಣ್ಣ ಮೀನುಗಾರಿಕೆಯ ಬಂದರವೇ ತದಡಿ. ಎದುರು ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಎರಡರ ನಡುವೆ ತಾರಿದೋಣಿ. ನಾನು ಆ ಬಂದರದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವನು. ಆದುದರಿಂದ ಈ ಲೇಖನದಲ್ಲಿ ಊರಿನ ಅಭಿಮಾನ ಕೊಂಚ ಹೆಚ್ಚಾಗಿ ಕಂಡರೆ ವಾಚಕರು ಮನ್ನಿಸಬೇಕು. ವಿಚಾರವನ್ನು ಮಾತ್ರ ತೂಗಿ ನೋಡಬೇಕು.

ಮೂರು ವರ್ಷಗಳ ಹಿಂದೆ ಪ್ರವೇಶದ ಅರ್ಜಿಯನ್ನು ತುಂಬುತ್ತಿದ್ದಾಗ ‘ತಾಯಿಯ ಉದ್ಯೋಗ’ ಎಂಬಲ್ಲಿ ನನ್ನ ಲೇಖನಿ ನಿಂತಿತು. ಅವ್ವನನ್ನೇ ಕೇಳಿದೆ. ‘ನಂಗೆಂಥ ಉದ್ಯೋಗ ತಮಾ? ಇಲ್ಲ ಅಂದೇ ಬರೆ’ ಎಂದಳು. ಹಾಗೆಯೇ ಬರೆದೆ. ಅಂದು ಮುಂಜಾನೆ ಅವಳು ಇಳಿತದ ವೇಳೆ ನೋಡಿ ಹೊಳೆಗಿಳಿದು, ಸೊಂಟದ ಮಟ್ಟದ ನೀರಿನಲ್ಲಿ ನಾಲ್ಕು ತಾಸು ನಿಂತು, ಬಳಚು ಎಂಬ ಚಿಪ್ಪಿಯನ್ನು ಆರಿಸಿ ಬಂದಿದ್ದಳು. ಅದನ್ನು ಮಾರಿ ಕೂಡಿಟ್ಟ ಹಣದಿಂದಲೇ ನನ್ನ ಶುಲ್ಕವು ಸಂದಾಯವಾಯಿತು. ಆ ‘ಇಲ್ಲ’ ಎಂಬ ಎರಡು ಅಕ್ಷರ ಬರೆದವನು ಯಾವ ಅಧಿಕಾರಿಯೂ ಅಲ್ಲ, ನಾನೇ. ಅದು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಅವ್ವನ ಕೆಲಸ ಕೇವಲ ಮೈದುಡಿಮೆಯಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುವುದೆಂಬುದು ಅವಳಿಗೆ ಗೊತ್ತು. ಇಂದಿನ ಇಳಿತಕ್ಕಿಂತ ನಾಳಿನದು ಮುಕ್ಕಾಲು ಗಂಟೆಗೂ ಮಿಕ್ಕಿ ತಡವಾಗಿ ಬರುವುದೆಂಬುದೂ ಗೊತ್ತು. ಗಡಿಯಾರವನ್ನು ನೋಡದೆ ಅವಳು ಹೊರಡುವ ಹೊತ್ತು ತಪ್ಪುವುದಿಲ್ಲ. ಮಳೆಗಾಲದಲ್ಲಿ ನೀರು ಸಿಹಿಯಾಗಿ ಬೇಸಗೆಯಲ್ಲಿ ಉಪ್ಪಾಗುವ ಲೆಕ್ಕ, ಯಾವ ದಿಬ್ಬದಲ್ಲಿ ಮರಳು, ಎಲ್ಲಿ ಕೆಸರು ಎಂಬ ಲೆಕ್ಕ, ಇವೆಲ್ಲ ಅವಳ ಪಾದಗಳಿಗೆ ತಿಳಿದಿವೆ. ಇದೇ ಹೊಳೆಯ ಬದಿಯ ಗಜನಿ ಭೂಮಿಯಲ್ಲಿ ನಮ್ಮ ರೈತರು ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಅದರಾಚೆ ಸಾಣಿಕಟ್ಟೆಯ ಉಪ್ಪಿನಾಗರ. ಒಂದೇ ನೀರು ಅಕ್ಕಿ, ಮೀನು, ಉಪ್ಪು ಮೂರನ್ನೂ ಕೊಡುವ ಇಂತಹ ವ್ಯವಸ್ಥೆಯನ್ನು ಯಾವ ಅರ್ಥಶಾಸ್ತ್ರದ ಪಠ್ಯದಲ್ಲಿಯೂ ನಾನು ಓದಲಿಲ್ಲ.

ಚರಿತ್ರೆಯ ತರಗತಿಯಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದುದನ್ನು ಓದಿದೆವು. ನದಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಸಿಗುವ ಮಿರ್ಜಾನ ಕೋಟೆಯನ್ನು ಪ್ರವಾಸದಲ್ಲಿ ಕಂಡೆವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ನೆರೆಯ ಕುಮಟೆಯ ಹತ್ತಿಗೆ ಬಂದ ಬೇಡಿಕೆಯನ್ನೂ ಕೇಳಿದೆವು. ಆದರೆ ಆ ಮೆಣಸಿನ ಮೂಟೆಗಳನ್ನೂ ಹತ್ತಿಯ ಹೊರೆಗಳನ್ನೂ ದೋಣಿಗೆ ಏರಿಸಿದ ಕೈಗಳ ಹೆಸರು ಎಲ್ಲಿಯೂ ಇಲ್ಲ. ಬರೆಯಬಲ್ಲವರು ಅವರ ಮನೆಗಳಲ್ಲಿ ಇರಲಿಲ್ಲ ಎಂಬುದೇ ಅದಕ್ಕೆ ಮುಖ್ಯ ಕಾರಣ.

ದಾಖಲೆಯಲ್ಲಿ ಇಲ್ಲದ ಜನರಿರುವ ಊರು ಯೋಜನೆ ಹಾಕುವವರ ಕಣ್ಣಿಗೆ ಬರಿಯ ಬಯಲಾಗಿ ತೋರುತ್ತದೆ. ನಮ್ಮ ತೀರದ ಜಮೀನು ಕೈಗಾರಿಕೆಗೆಂದು ಬಹಳ ಹಿಂದೆಯೇ ಸ್ವಾಧೀನವಾಯಿತು. ಮುಂದೆ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರದ ಮಾತು ಬಂತು. ಜನರ ವಿರೋಧದಿಂದ ಅದು ನಿಂತಿತು. ಬಳಿಕ ದೊಡ್ಡ ವಾಣಿಜ್ಯ ಬಂದರದ ಪ್ರಸ್ತಾಪ ಬಂತು. ಇದರ ಪರವಾಗಿ ವಾದಿಸುವ ಸಹಪಾಠಿಗಳು ನನಗಿದ್ದಾರೆ. ‘ಪದವಿ ಪಡೆದು ನಾವೂ ಬಲೆ ಎಳೆಯಬೇಕೇ? ಕೆಲಸಕ್ಕೆಂದು ಊರು ಬಿಟ್ಟು ಮುಂಬಯಿಗೋ ಬೆಂಗಳೂರಿಗೋ ಹೋಗುವುದು ಎಂದಿಗೆ ತಪ್ಪೀತು?’ ಎಂಬುದು ಅವರ ಪ್ರಶ್ನೆ. ಇದು ಹಗುರವಾದ ಪ್ರಶ್ನೆಯಲ್ಲ. ನನ್ನ ತಂದೆಯೇ ‘ನಿನಗೆ ಈ ಕಡಲು ಬೇಡ’ ಎಂದು ಅನೇಕ ಬಾರಿ ಹೇಳಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಆ ಅರವತ್ತೊಂದು ದಿನಗಳಲ್ಲಿ ಸಾಲದ ಪುಸ್ತಕ ದಪ್ಪವಾಗುವುದನ್ನು ಕಂಡವನು ನಾನು. ಬಡತನವನ್ನು ಚೆಂದದ ಚಿತ್ರವೆಂದು ಹೊಗಳುವ ಮನಸ್ಸು ನನಗೆ ಕಿಂಚಿತ್ತೂ ಇಲ್ಲ.

ಆದರೂ ನಾನು ಕೇಳುವುದು ಇಷ್ಟೇ: ಬರುವ ಉದ್ಯೋಗಗಳನ್ನು ಎಣಿಸುವ ಮೊದಲು ಇರುವ ಉದ್ಯೋಗಗಳನ್ನು ಎಣಿಸಬೇಡವೇ? ಹೊಸ ಕೆಲಸ ಸಿಕ್ಕುವುದು ಪದವೀಧರನಾದ ನನಗೆ. ಕಳೆದುಹೋಗುವುದು ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಯಲ್ಪಟ್ಟ ನನ್ನ ತಾಯಿಯ ಕೆಲಸ. ಈ ಲೆಕ್ಕವನ್ನು ಹೊರಗಿನ ವಿದ್ವಾಂಸರು ಒಮ್ಮೆ ಮಾಡಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಘನಾಶಿನಿಯ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಗಳು ದೊರೆಯುತ್ತಿದ್ದವು; ಅವುಗಳ ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ; ಅದನ್ನೇ ನಂಬಿದವರು ಎರಡು ಸಾವಿರಕ್ಕೂ ಹೆಚ್ಚು ಜನ. ಇದನ್ನು ಗ್ರಂಥಾಲಯದಲ್ಲಿ ಓದಿದ ದಿನ ನನಗೆ ಸಂತೋಷವೂ ನಾಚಿಕೆಯೂ ಒಟ್ಟಿಗೇ ಆದವು. ನನ್ನ ಅವ್ವನನ್ನು ಬೆಂಗಳೂರಿನವರು ಎಣಿಸಿದ್ದರು. ಮಗನಾದ ನಾನು ಎಣಿಸಿರಲಿಲ್ಲ!

ತಪ್ಪೆಲ್ಲ ಹೊರಗಿನವರದೆಂದು ಹೇಳಿದರೆ ಅದೂ ಸತ್ಯವಾಗದು. ಬಳಚು ಈಗ ಮೊದಲಿನಂತೆ ಸಿಗುವುದಿಲ್ಲ. ಚಿಪ್ಪಿಗಾಗಿಯೂ ಮರಳಿಗಾಗಿಯೂ ಹೊಳೆಯ ತಳವನ್ನು ಮಿತಿಯಿಲ್ಲದೆ ಬಗೆದವರಲ್ಲಿ ನಮ್ಮವರೂ ಇದ್ದಾರೆ. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಮೀನನ್ನೂ ಬಾಚುವವರಲ್ಲಿ ನಮ್ಮ ಬಂಧುಗಳೂ ಇದ್ದಾರೆ. ಬಿತ್ತನೆಯ ಬೀಜವನ್ನು ಕುದಿಸಿ ಉಂಡವನಿಗೆ ಮುಂದಿನ ವರ್ಷ ಏನು ಗತಿ? ಇದನ್ನು ಊರಿನ ಹಿರಿಯರ ಎದುರು ವಿನಯದಿಂದ, ಆದರೆ ಅಂಜದೆ ಹೇಳುವುದು ಕಲಿತವರ ಹೊಣೆ.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರ್. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆ ಉಳಿಯದು. ಹಕ್ಕಿಗಳೊಂದಿಗೆ ಅಲ್ಲಿನ ಮನುಷ್ಯರೂ ಲೆಕ್ಕಕ್ಕೆ ಬರಬೇಕು.

ಹಾಗಾದರೆ ನಾವು ಮಾಡತಕ್ಕದ್ದೇನು? ಪ್ರತಿಯೊಂದು ಪಂಚಾಯತಿಯೂ ತನ್ನ ಊರಿನ ಗಿಡಮರ, ಜೀವಜಂತು, ಅವುಗಳ ಬಗೆಗಿನ ಜನರ ತಿಳಿವಳಿಕೆಗಳನ್ನು ದಾಖಲಿಸುವ ಜೀವವೈವಿಧ್ಯ ದಾಖಲಾತಿಯನ್ನು ಇಡುವ ವ್ಯವಸ್ಥೆ 2002ರ ಕಾಯಿದೆಯಿಂದ ಬಂದಿದೆ. ಅದರಲ್ಲಿ ಬರೆಯಲು ಅಕ್ಷರ ಬಲ್ಲವರು ಬೇಕು. ದೊಡ್ಡ ಯೋಜನೆಗಳಿಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಅಲ್ಲಿನ ಕಾಗದಪತ್ರಗಳನ್ನು ಓದಿ ಊರವರಿಗೆ ತಿಳಿಯುವಂತೆ ವಿವರಿಸುವವರು ಬೇಕು. ಈ ಎರಡಕ್ಕೂ ಬಿ.ಎ. ಪದವಿ ಸಾಕು. ಗುರುಗಳಲ್ಲಿ ನನ್ನದೊಂದು ಪ್ರಾರ್ಥನೆ: ಅಂತಿಮ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಒಂದು ಕಸುಬಿನ ಬಗ್ಗೆ, ಅದನ್ನು ಮಾಡುವವರನ್ನೇ ಕೇಳಿ, ಹತ್ತು ಪುಟ ಬರೆದುಕೊಡಲಿ, ಅವನ್ನು ನಮ್ಮ ಗ್ರಂಥಾಲಯದಲ್ಲಿ ಇಡಿಸಿರಿ. ಕರಾವಳಿಯವನು ಬಲೆಯ ಬಗ್ಗೆ ಬರೆಯಲಿ, ಘಟ್ಟದವನು ತೋಟದ ಬಗ್ಗೆ ಬರೆಯಲಿ. ಹತ್ತು ವರ್ಷಗಳಲ್ಲಿ ಈ ಜಿಲ್ಲೆಯ ಯಾವ ಮೂಲೆಯನ್ನೂ ಬಯಲೆಂದು ಕರೆಯಲು ಯಾರಿಗೂ ಬಾಯಿ ಬಾರದು.

ನಾನು ತದಡಿಯಲ್ಲಿಯೇ ನೆಲೆಸುವೆನೋ, ಹೊಟ್ಟೆಪಾಡಿಗಾಗಿ ದೂರ ಹೋಗುವೆನೋ ಹೇಳಲಾರೆ. ಹೋದರೂ ಬರೆಯುವ ಋಣವು ತೀರುವುದಿಲ್ಲ. ಬರುವ ವರ್ಷ ನನ್ನ ತಂಗಿ ಇದೇ ಕಾಲೇಜಿಗೆ ಅರ್ಜಿ ಹಾಕಲಿದ್ದಾಳೆ. ‘ತಾಯಿಯ ಉದ್ಯೋಗ’ ಎಂಬಲ್ಲಿ ‘ಬಳಚು ತೆಗೆಯುವುದು’ ಎಂದು ಸ್ಪಷ್ಟವಾಗಿ ಬರೆಯಬೇಕೆಂದು ಅವಳಿಗೆ ಹೇಳಿದ್ದೇನೆ. ಅವ್ವ ಇದನ್ನು ಕೇಳಿ ನಕ್ಕಳು; ಬೇಡವೆನ್ನಲಿಲ್ಲ.